ಬದುಕಿದ್ದವರಿಗೆ ಹೊರಟ ಸಂತಾಪ

ಮೂವತ್ತೊಂದು ವರ್ಷ ಒಬ್ಬರೇ ಒಬ್ಬರ ಮಾತನ್ನು ಟೈಪ್ ಮಾಡಿದವಳು ನಾನು. ನನ್ನ ಗಂಡನ ಮಾತನ್ನು ಅಷ್ಟು ಗಮನವಿಟ್ಟು ಎಂದೂ ಕೇಳಲಿಲ್ಲ ಎಂಬುದು ಅವರ ಹಳೆಯ ತಕರಾರು. ಅದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ಸಾಹೇಬರನ್ನು ಊರೆಲ್ಲ ದೊಡ್ಡವರು ಎಂದೇ ಕರೆಯುವುದು. ದೊಡ್ಡವರು ಎರಡು ಸಲ ಮಂತ್ರಿಯಾದರು, ಒಂದು ಸಲ ಮಣ್ಣುಮುಕ್ಕಿದರು, ಮೂರು ಅವಧಿ ವಿರೋಧ ಪಕ್ಷದ ಬೆಂಚಿನಲ್ಲಿ ಕೂತರು. ನಾನು ಮಾತ್ರ ಕೂತಲ್ಲೇ ಕೂತೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕೂದಲು ಕಪ್ಪಿದ್ದದ್ದು ಬೆಳ್ಳಗಾಯಿತು, ಅಷ್ಟೇ.

ಕಚೇರಿ ಎಂದರೆ ಅವರ ಮನೆಯ ಮುಂದಿನ ಎರಡು ಕೋಣೆ. ಹೊರಗಿನದರಲ್ಲಿ ನಾನು, ಒಂದು ಉದ್ದನೆಯ ಬೆಂಚು, ಯಾವಾಗಲೂ ಒಂದು ಕಾಲು ಮೋಟಾಗಿರುವ ಕುರ್ಚಿ. ಒಳಗಿನದರಲ್ಲಿ ಅವರು. ಮಂತ್ರಿಯಾಗಿದ್ದ ಕಾಲದಿಂದ ಅವರದೊಂದು ಪದ್ಧತಿ. ಅರ್ಜಿ ತಂದವರ ಎದುರಿಗೇ ಆ ಅರ್ಜಿಯನ್ನು ಸಂಬಂಧಪಟ್ಟ ಅಧಿಕಾರಿ ಗಟ್ಟಿಯಾಗಿ ಓದಬೇಕು. "ಕಣ್ಣಲ್ಲಿ ಓದಿದ್ದು ಕಡತಕ್ಕೆ ಹೋಗುತ್ತೆ, ಬಾಯಲ್ಲಿ ಓದಿದ್ದು ಎದೆಗೆ ಹೋಗುತ್ತೆ. ಓದ್ರಿ," ಅನ್ನುತ್ತಿದ್ದರು. ನೀರು ಸರಬರಾಜಿನ ಎಂಜಿನಿಯರೊಬ್ಬರು ಒಬ್ಬ ಮುದುಕಿಯ ಅರ್ಜಿಯನ್ನು ಓದುತ್ತ ಓದುತ್ತ ಅರ್ಧದಲ್ಲಿ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಮೂರನೇ ದಿನ ಮುದುಕಿಯ ನಲ್ಲಿಯಲ್ಲಿ ನೀರು ಬಂತು. ಇಂಥವರ ಕೈಕೆಳಗೆ ಕೆಲಸ ಮಾಡಿದವಳಿಗೆ ಸ್ವಲ್ಪ ಜಂಬ ಇರುತ್ತದೆ. ನನಗೂ ಇತ್ತು. ಈ ಕಥೆಯೆಲ್ಲ ಆ ಜಂಬದಿಂದಲೇ ಆದದ್ದು.

ಬೆಳಿಗ್ಗೆ ಎಂಟರಿಂದ ಒಂಬತ್ತು ಅವರ ಯೋಚನೆಯ ಹೊತ್ತು. ಕೈ ಹಿಂದಕ್ಕೆ ಕಟ್ಟಿಕೊಂಡು ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಕಿಟಕಿಗೆ ನಡೆಯುತ್ತ ಹೇಳುತ್ತ ಹೋಗುತ್ತಾರೆ, ನಾನು ಟೈಪ್ ಮಾಡುತ್ತೇನೆ. ರಾಜಕೀಯ, ಓದು, ಜನರ ನಡೆನುಡಿ, ಅಧಿಕಾರ ಬಂದಾಗ ಮನುಷ್ಯನಿಗೆ ಏನಾಗುತ್ತದೆ, ಹೋದಾಗ ಏನಾಗುತ್ತದೆ ಎಂಬೆಲ್ಲ. ಯಾವತ್ತೋ ಒಂದು ಪುಸ್ತಕ ಆಗುತ್ತದೆ ಎಂದು ಅವರ ಆಸೆ. ಆಗುವುದಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ನಿನ್ನೆ ಹೇಳಿದ್ದನ್ನು ಇವತ್ತು ಹೊಡೆದುಹಾಕುವ ಮನುಷ್ಯ ಅವರು.

ಒಂದು ದಿನದ್ದು ಮಾತ್ರ ನನಗೆ ಬಾಯಿಪಾಠ ಆಗಿಹೋಗಿದೆ. "ಕುರ್ಚಿ ಸಿಕ್ಕಿದವನಿಗೆ ಮೊದಲು ಹೋಗೋದು ಕಿವಿ. ಸುತ್ತ ಇರೋರೆಲ್ಲ ಹೌದು ಹೌದು ಅಂತಾರೆ, ಅದು ಸಂಗೀತದ ಹಾಗೆ ಕೇಳಿಸುತ್ತೆ. ಬೇಡ ಅಂತ ಒಬ್ಬ ಎದ್ದು ನಿಂತರೆ ಅಪಸ್ವರ ಅನ್ನಿಸುತ್ತೆ. ಸಂಸ್ಕೃತಿ ಅನ್ನೋದು ನಾಟಕ, ಹಾಡು, ಶಿಲ್ಪ ಮಾತ್ರ ಅಲ್ಲ. ನನಗೆ ಬೇಡವಾದ ಮಾತನ್ನ ನಾನು ಎಷ್ಟು ಹೊತ್ತು ಕೂತು ಕೇಳ್ತೀನಿ, ಅದೂ ಸಂಸ್ಕೃತಿನೇ. ಆ ಪರೀಕ್ಷೇಲಿ ನಾನು ಒಂದ್ಸಲ ನಪಾಸಾಗಿದ್ದೀನಿ." ಎಲ್ಲಿ, ಯಾವಾಗ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಈ ಯೋಚನೆಯ ಹೊತ್ತಿನಲ್ಲೇ ಸಂತಾಪಗಳೂ ತಯಾರಾಗುತ್ತಿದ್ದವು. ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ಹಿರಿಯ ನಾಯಕರೊಬ್ಬರು ತೀರಿಕೊಂಡರೆ ಹತ್ತು ನಿಮಿಷದಲ್ಲಿ ಪತ್ರಿಕೆಯವರ ಫೋನು ಬರುತ್ತದೆ, ಸಾಹೇಬರ ಎರಡು ಮಾತು ಬೇಕು ಎಂದು. ಆ ಗಡಿಬಿಡಿಯಲ್ಲಿ ಎಲ್ಲರೂ ಹೇಳುವುದು ಒಂದೇ: ತುಂಬಲಾರದ ನಷ್ಟ, ಅಜಾತಶತ್ರು, ಸರಳ ಜೀವಿ. ದೊಡ್ಡವರಿಗೆ ಅದು ಆಗದು. "ಜೊತೆಯಲ್ಲಿ ನಲವತ್ತು ವರ್ಷ ಕಳೆದವನಿಗೆ ನಾಲ್ಕು ಸವಕಲು ಮಾತು ಎಸೆಯೋದಾ?" ಎಂದು, ವಯಸ್ಸಾದ ತಮ್ಮ ಸಹೋದ್ಯೋಗಿಗಳ ಬಗ್ಗೆ ಅವರು ಬದುಕಿರುವಾಗಲೇ ಬರೆಸಿಡುತ್ತಿದ್ದರು. ವರ್ಷಕ್ಕೊಮ್ಮೆ ತಿದ್ದುತ್ತಿದ್ದರು. ಒಟ್ಟು ಹದಿನಾಲ್ಕು ಜನ, ಹದಿನಾಲ್ಕು ಹಾಳೆ, ಒಂದು ಕಡತ. ಸುದ್ದಿ ಬಂದ ಕೂಡಲೇ ಕಳಿಸುವ ಅಧಿಕಾರ ನನ್ನದು. ಮೊದಲು ಕಳಿಸುವುದು, ಆಮೇಲೆ ಅವರಿಗೆ ತಿಳಿಸುವುದು. ಫೋನು ಇಟ್ಟ ಒಂಬತ್ತನೇ ನಿಮಿಷಕ್ಕೆ ಐದು ಪತ್ರಿಕೆಗೆ ತಲುಪಿಸಿದ್ದು ನನ್ನ ದಾಖಲೆ. ಇದನ್ನೂ ಒಂದು ದಾಖಲೆ ಎಂದು ಮೆರೆಯುವವರು ನಮ್ಮ ಕಸುಬಿನಲ್ಲಿ ಮಾತ್ರ ಸಿಗುತ್ತಾರೆ.

ಆ ಹದಿನಾಲ್ಕರಲ್ಲಿ ಎಲ್ಲಕ್ಕಿಂತ ಉದ್ದದ್ದು ಗರಗಸದ್ದು.

ಗರಗಸ ಎಂದರೆ ದೊಡ್ಡವರ ಜನ್ಮದ ಎದುರಾಳಿ. ಸದನದಲ್ಲಿ ಆ ಮನುಷ್ಯ ಎದ್ದು ನಿಂತರೆ ಧ್ವನಿಯೂ ಕೊಯ್ಯುತ್ತಿತ್ತು, ಮಾತೂ ಕೊಯ್ಯುತ್ತಿತ್ತು, ಅದಕ್ಕೇ ಆ ಹೆಸರು. ಎದುರಿಗೆ ಕರೆದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ದೊಡ್ಡವರು ಆರೋಗ್ಯ ಮಂತ್ರಿಯಾಗಿ ಊರ ಹೊರಗೆ ದೊಡ್ಡ ಆಸ್ಪತ್ರೆ ಕಟ್ಟಿಸಿದಾಗ, ಈ ಗರಗಸ ಸದನದಲ್ಲಿ ದಿನಗಟ್ಟಲೆ ಕೊಯ್ದರು. ಆಸ್ಪತ್ರೆ ಬೇಡ ಎಂದಲ್ಲ. ಊರೊಳಗಿನ ಹಳೆಯ ಹೆರಿಗೆ ವಾರ್ಡನ್ನು ಮುಚ್ಚಬೇಡಿ ಎಂದು. ಹೊಸ ಆಸ್ಪತ್ರೆಗೂ ಊರಿಗೂ ನಡುವೆ ರೈಲ್ವೆ ಗೇಟು ಇತ್ತು.

ಆ ಹಾಳೆಯಲ್ಲಿ ದೊಡ್ಡವರು ಬರೆಸಿದ್ದು ಹೀಗೆ:

"ಅವರು ಒಂಬತ್ತು ದಿನ ಮಾತಾಡಿದರು. ಹೆರಿಗೆ ನೋವು ಗೇಟು ತೆರೆಯುವವರೆಗೆ ಕಾಯುವುದಿಲ್ಲ ಎಂದರು. ನಾನು ನಕ್ಕೆ. ನನ್ನ ಹಿಂದಿನ ಬೆಂಚುಗಳೂ ನಕ್ಕವು. ವಾರ್ಡು ಮುಚ್ಚಿದ ಏಳು ತಿಂಗಳಿಗೆ ಒಬ್ಬ ಬಡಗಿಯ ಹೆಂಡತಿ ಗೇಟಿನ ಈಚೆ ಆಂಬುಲೆನ್ಸಿನಲ್ಲಿ ಇಪ್ಪತ್ತೈದು ನಿಮಿಷ ಕಾದಳು. ಮಗು ಉಳಿಯಲಿಲ್ಲ. ಅವರು ಸದನದಲ್ಲಿ ಪ್ರಶ್ನೆ ಕೇಳಿದರು. ಇಂತಹ ಯಾವುದೇ ಪ್ರಕರಣ ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ ಎಂದು ನಾನು ಲಿಖಿತ ಉತ್ತರ ಕೊಟ್ಟೆ. ಬಂದಿತ್ತು. ಉತ್ತರ ಕೊಡುವ ನಾಲ್ಕು ದಿನ ಮೊದಲು ನಾನೇ ಯಾರಿಗೂ ತಿಳಿಯದಂತೆ ಆ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬಂದಿದ್ದೆ. ಅವರು ಸರಿ ಇದ್ದರು. ನಾನು ತಪ್ಪಿದ್ದೆ, ಮೇಲೆ ಸುಳ್ಳೂ ಹೇಳಿದೆ. ನಾನು ಕಂಡ ನಾಯಕರಲ್ಲಿ ಅವರೇ ದೊಡ್ಡವರು. ಇದನ್ನು ಅವರ ಮುಂದೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ."

ಗೇಟಿನ ಮೇಲೆ ಆರು ವರ್ಷದ ನಂತರ ಸೇತುವೆ ಬಂತು. ಜನ ಮರೆತರು. ಆಸ್ಪತ್ರೆ ಮಾತ್ರ ದೊಡ್ಡವರ ಹೆಸರಿನೊಂದಿಗೆ ಅಂಟಿಕೊಂಡಿತು, ಚುನಾವಣೆ ಬಂದಾಗಲೆಲ್ಲ ಪಕ್ಷದ ಪೋಸ್ಟರುಗಳಲ್ಲಿ ಎರಡೂ ಒಟ್ಟಿಗೇ ಬರುತ್ತಿದ್ದವು.

ಈ ಸಲವೂ ಚುನಾವಣೆ ಹತ್ತಿರ ಬಂದಿತ್ತು. ದೊಡ್ಡವರಿಗೆ ಎಪ್ಪತ್ತೊಂಬತ್ತು, ಅವರು ನಿಲ್ಲುತ್ತಿರಲಿಲ್ಲ. ಅವರ ಜಾಗಕ್ಕೆ ಮಗಳ ಹೆಸರು ಹೋಗಿತ್ತು. ಅಪ್ಪನ ಹೆಸರಿನ ಮೇಲೆ ತೇಲಿಬಂದವಳಲ್ಲ ಅವಳು. ಹತ್ತು ವರ್ಷ ಬೀದಿ ಬೀದಿ ಸುತ್ತಿ ಚಪ್ಪಲಿ ಸವೆಸಿದ್ದಾಳೆ. ಯಾರ ಮನೆಯ ಚರಂಡಿ ಎಲ್ಲಿ ಕಟ್ಟಿಕೊಂಡಿದೆ ಎಂದು ನಕ್ಷೆ ನೋಡದೆ ಹೇಳುತ್ತಾಳೆ.

ಗರಗಸ ಮೂರು ವಾರದಿಂದ ಅದೇ ದೊಡ್ಡ ಆಸ್ಪತ್ರೆಯಲ್ಲಿದ್ದರು. ಆ ದಿನ ಬೆಳಿಗ್ಗೆ ಹತ್ತು ನಲವತ್ತಕ್ಕೆ ಸದನದ ಕಚೇರಿಯ ಗುಮಾಸ್ತರು ನನಗೆ ಫೋನು ಮಾಡಿದರು. "ಅಮ್ಮಾ, ಗರಗಸದವರದ್ದು ಪಠ್ಯ ಸಿದ್ಧ ಇದೆಯಾ?" ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಗೆ ಒಂದೇ ಅರ್ಥ. ಮನುಷ್ಯ ಹೋದ ಮೇಲೆ ಮಾತ್ರ ಆ ಗುಮಾಸ್ತರು ಪಠ್ಯ ಕೇಳುವುದು. "ಇದೆ," ಎಂದೆ. ಯಾವಾಗ ಹೋದರು ಎಂದು ಒಂದು ಮಾತು ಕೇಳಲಿಲ್ಲ. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಹತ್ತು ನಲವತ್ತೆಂಟಕ್ಕೆ ಐದೂ ಪತ್ರಿಕೆಗೆ ಕಳಿಸಿದೆ. ನನ್ನ ದಾಖಲೆಯನ್ನು ನಾನೇ ಮುರಿದೆ.

ಹನ್ನೆರಡೂವರೆಗೆ ಫೋನು ಬಡಿದುಕೊಂಡಿತು.

"ಯಾರು, ಟೈಪಿಸ್ಟಮ್ಮನಾ? ನಾನು ಸತ್ತಿದ್ದೀನಂತೆ. ನಿಮ್ಮ ಸಾಹೇಬ್ರು ಅಳ್ತಿದ್ದಾರಾ, ಇಲ್ಲಾ ನಗ್ತಿದ್ದಾರಾ?"

ಆ ಧ್ವನಿ ಬೇರೆ ಯಾರದೂ ಆಗಲು ಸಾಧ್ಯವಿರಲಿಲ್ಲ. "ಹೇಗಿದ್ದೀರಿ ಸಾರ್?" ಎಂದುಬಿಟ್ಟೆ.

"ಬೆಳಿಗ್ಗೆವರೆಗೆ ಅಷ್ಟಕ್ಕಷ್ಟೇ ಇದ್ದೆ. ಪೇಪರಿನವರು ಫೋನಲ್ಲಿ ಓದಿ ಹೇಳಿದ ಮೇಲೆ ಪರವಾಗಿಲ್ಲ," ಎಂದು ಇಟ್ಟರು.

ಆಮೇಲೆ ತಿಳಿಯಿತು. ಹಿಂದಿನ ದಿನ ಗರಗಸದವರನ್ನು ತೀವ್ರ ನಿಗಾ ಘಟಕಕ್ಕೆ ಒಯ್ದಿದ್ದರಂತೆ, ಬೆಳಿಗ್ಗೆ ಚೇತರಿಸಿಕೊಂಡ ಮೇಲೆ ಕೋಣೆಗೆ ವಾಪಸು ತಂದಿದ್ದರಂತೆ. ಮುಂದಿನ ವಾರ ಅಧಿವೇಶನ, ಸದನದ ಸಂತಾಪ ಸೂಚನೆಗೆ ಮುಂಚಿತವಾಗಿ ಇರಲಿ ಎಂದು ಗುಮಾಸ್ತರು ಜೀವಮಾನದಲ್ಲಿ ಮೊದಲ ಸಲ ಮುಂದಾಲೋಚನೆ ಮಾಡಿದ್ದರು. ನಾಲ್ಕು ಪತ್ರಿಕೆಯವರು ಆಸ್ಪತ್ರೆಗೆ ಕೇಳಿ ಸುಮ್ಮನಾದರು. ಐದನೆಯದು ಸಂಜೆ ಪತ್ರಿಕೆ, ಅಷ್ಟರಲ್ಲಿ ಅಚ್ಚಾಗಿ ಹೋಗಿತ್ತು. ಅದರ ವರದಿಗಾರನನ್ನು ಫೋನಲ್ಲಿ ತರಾಟೆಗೆ ತೆಗೆದುಕೊಂಡೆ. ಅವನು ತಣ್ಣಗೆ, "ನಿಮ್ಮ ಆಫೀಸಿಂದ ಇವತ್ತಿನವರೆಗೆ ಒಂದು ತಪ್ಪು ಕಾಗದ ಬಂದಿಲ್ಲ ಮೇಡಂ, ಅದಕ್ಕೇ ವಿಚಾರಿಸಲಿಲ್ಲ," ಎಂದ. ಅದಕ್ಕಿಂತ ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡವರು ಆ ಹೊತ್ತಿಗೆ ಎರಡು ಬೀದಿ ಆಚೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು. ಓಡುತ್ತ ಹೋದೆ. ಹಲ್ಲು ಕಿತ್ತು ಹತ್ತಿ ತುರುಕಿದ್ದರು, ಮಾತಾಡುವ ಹಾಗಿರಲಿಲ್ಲ. ನಿಂತಲ್ಲೇ ಎಲ್ಲ ಒದರಿದೆ. ಅವರು ವೈದ್ಯರ ಪೆನ್ನು ಕೇಳಿ ತೆಗೆದುಕೊಂಡು ಚೀಟಿಯ ಹಿಂದೆ ಬರೆದರು: "ಬದುಕಿದ್ದಾರಾ? ಸದ್ಯ."

ಮೊದಲು ಅವರಿಗೆ ತೋಚಿದ್ದು ಅದು. ತಮ್ಮ ಮಾನ ಅಲ್ಲ, ಪಕ್ಷ ಅಲ್ಲ, ಮಗಳ ಟಿಕೆಟ್ಟೂ ಅಲ್ಲ. ನಾನು ಅಲ್ಲಿಯೇ ಹಲ್ಲಿನ ಡಾಕ್ಟರ ಎದುರಿಗೆ ಅತ್ತುಬಿಟ್ಟೆ.

ಮಾರನೆ ದಿನ ಹನ್ನೊಂದಕ್ಕೆ ಪಕ್ಷದ ಕಾರ್ಯದರ್ಶಿ ಬಂದರು. ನಲವತ್ತರ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಎರಡು ಫೋನು. ಕೆಟ್ಟ ಮನುಷ್ಯ ಅಲ್ಲ. ಬರುವಾಗ ಸಂಜೆ ಪತ್ರಿಕೆಯನ್ನೂ ತಾವೇ ಟೈಪ್ ಮಾಡಿಸಿದ ಒಂದು ಹಾಳೆಯನ್ನೂ ತಂದಿದ್ದರು.

"ಸಾರ್, ನಿಮ್ಮ ಮೇಲೆ ನಮಗೆಲ್ಲ ಗೌರವ ಇದೆ. ಆದ್ರೆ ಮಂತ್ರಿಯಾಗಿ ಸದನದಲ್ಲಿ ಸುಳ್ಳು ಹೇಳ್ದೆ ಅಂತ ನೀವೇ ಹೇಳಿದ್ರೆ ನಾವು ಆಸ್ಪತ್ರೆ ಫೋಟೋ ಹಾಕ್ಕೊಂಡು ಹೇಗೆ ಮತ ಕೇಳೋದು? ಒಂದು ಸಹಿ ಅಷ್ಟೇ. ಐದು ಗಂಟೆಗೆ ಅಭ್ಯರ್ಥಿಗಳ ಪಟ್ಟಿ ಹೊರಬೀಳುತ್ತೆ. ನಾಲ್ಕರೊಳಗೆ ಇದು ನಮ್ಮ ಕೈ ಸೇರಿದ್ರೆ ನಿಮ್ಮ ಮಗಳ ಹೆಸರು ಪಟ್ಟೀಲಿರುತ್ತೆ."

"ಸೇರದಿದ್ರೆ?" ದೊಡ್ಡವರ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು, ಮಾತು ಒಂದು ಬದಿಯಿಂದ ಬರುತ್ತಿತ್ತು.

"ನಾನೊಬ್ಬನೇ ತೀರ್ಮಾನ ಮಾಡೋದಲ್ಲ ಸಾರ್," ಎಂದು ಕಾರ್ಯದರ್ಶಿ ಕಣ್ಣು ತಗ್ಗಿಸಿದರು.

ದೊಡ್ಡವರು ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಗಟ್ಟಿಯಾಗಿ ಓದು ತಾಯಿ."

ಓದಿದೆ. "ಕಚೇರಿ ಸಿಬ್ಬಂದಿಯ ಅಚಾತುರ್ಯದಿಂದ ನನ್ನ ಹೆಸರಿನಲ್ಲಿ ಹೊರಬಿದ್ದ ಹೇಳಿಕೆಯು ನನ್ನದಲ್ಲ. ಅದರಲ್ಲಿನ ಅಂಶಗಳು ನನ್ನ ಗಮನಕ್ಕೆ ಬಂದಿರುವುದಿಲ್ಲ. ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ."

ಸಂಬಂಧಪಟ್ಟ ಸಿಬ್ಬಂದಿ ನಾನು. ನನ್ನ ಸಮಾಧಿಯ ಬರಹವನ್ನು ನಾನೇ ಓದಿದಂತಾಯಿತು. ಆದರೂ ಧ್ವನಿ ನಡುಗಲು ಬಿಡಲಿಲ್ಲ. ತಪ್ಪು ಮಾಡಿದವಳು ನಾನೇ ತಾನೆ.

ದೊಡ್ಡವರು ಹಾಳೆ ವಾಪಸು ತೆಗೆದುಕೊಂಡು ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಗಮನಕ್ಕೆ ಬಂದಿರುವುದಿಲ್ಲ. ಇದನ್ನ ಯಾರು ಬರೆದ್ರಪ್ಪ?"

"ನಾನೇ ಸಾರ್. ಯಾಕೆ?"

"ಏನಿಲ್ಲ. ಹಳೇ ಪರಿಚಯ," ಎಂದು ಮಡಚಿ ಜೇಬಿಗೆ ಹಾಕಿಕೊಂಡರು.

ಕಾರ್ಯದರ್ಶಿ ಹೋದ ಮೇಲೆ ಅವರು ಅರ್ಧ ಗಂಟೆ ಕಿಟಕಿಗೂ ಬೀರುವಿಗೂ ನಡೆದರು. ಏನನ್ನೂ ಬರೆಸಲಿಲ್ಲ. ಆಮೇಲೆ, "ನಡಿ, ಸತ್ತವರನ್ನ ನೋಡ್ಕೊಂಡು ಬರೋಣ," ಎಂದರು.

ಆಸ್ಪತ್ರೆಯ ಮೂರನೇ ಮಹಡಿಯ ಕೋಣೆ. ಗರಗಸ ದಿಂಬಿಗೆ ಒರಗಿ ಕೂತಿದ್ದರು, ಮೂಗಿಗೆ ನಳಿಕೆ, ಮಡಿಲಲ್ಲಿ ಸಂಜೆ ಪತ್ರಿಕೆ, ಕೈಯಲ್ಲಿ ಕೆಂಪು ಪೆನ್ನು. ದೇಹ ಅರ್ಧಕ್ಕೆ ಇಳಿದಿತ್ತು. ಕಣ್ಣು ಮಾತ್ರ ಮೊದಲಿನ ಹಾಗೇ ಇತ್ತು.

"ಬನ್ರೀ ಮಂತ್ರಿಗಳೇ. ಇದೇನು ಕೆನ್ನೆ, ನಿಮ್ಮ ಪಾರ್ಟಿಯವರು ಬಾರಿಸಿದ್ರಾ?"

"ಹಲ್ಲು."

"ಒಳ್ಳೇದೇ ಆಯ್ತು, ಇವತ್ತಾದ್ರೂ ನಾನು ಮಾತಾಡ್ತೀನಿ, ನೀವು ಕೇಳ್ತೀರಿ." ಪಕ್ಕದ ಕುರ್ಚಿ ತೋರಿಸಿದರು. "ಆಸ್ಪತ್ರೆ ಚೆನ್ನಾಗಿ ಕಟ್ಟಿಸಿದ್ದೀರಿ ಕಣ್ರೀ. ಅದನ್ನ ನಾನು ಅವತ್ತೂ ಬೇಡ ಅಂದಿರಲಿಲ್ಲ." ನಂತರ ಪತ್ರಿಕೆಯನ್ನು ಮುಂದೆ ಚಾಚಿದರು. "ಇದರಲ್ಲಿ ಒಂದು ತಪ್ಪಿದೆ. ನಾನು ಮಾತಾಡಿದ್ದು ಒಂಬತ್ತು ದಿನ ಅಲ್ಲ, ಎಂಟು. ನಡುವೆ ಒಂದು ದಿನ ಹೊಟ್ಟೆ ಕೆಟ್ಟು ಮನೇಲಿದ್ದೆ."

ದೊಡ್ಡವರು ನಗಲು ಹೋಗಿ ಕೆನ್ನೆ ಹಿಡಿದುಕೊಂಡರು. ಆ ಸಾಲಿನ ಸುತ್ತ ನಿಜವಾಗಿಯೂ ಕೆಂಪು ಗೆರೆ ಎಳೆದಿತ್ತು.

"ಮತ್ತೆ ಈ ಕೊನೇ ವಾಕ್ಯ," ಎಂದರು ಗರಗಸ. "ನನ್ನ ಮುಂದೆ ಹೇಳೋ ಧೈರ್ಯ ಬರಲಿಲ್ಲ ಅಂತ ಹಾಕಿದ್ದೀರಿ. ಬದುಕಿದ್ದೀನಲ್ಲ. ಅದನ್ನೂ ತಪ್ಪು ಮಾಡಿಬಿಡೋಣ. ಹೇಳಿ."

ಸಾವಿರಾರು ಜನರ ಮುಂದೆ ಚೀಟಿಯಿಲ್ಲದೆ ಮಾತಾಡುವ ದೊಡ್ಡವರಿಗೆ ಆ ಎರಡು ವಾಕ್ಯ ಹೊರಡಿಸಲು ಎಷ್ಟೋ ಹೊತ್ತು ಹಿಡಿಯಿತು.

"ನೀವು ಸರಿ ಇದ್ರಿ. ನಾನು ನಿಮಗೆ, ಸದನಕ್ಕೆ ಸುಳ್ಳು ಹೇಳ್ದೆ."

ಗರಗಸ ಸುಮ್ಮನೆ ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. "ಆಯ್ತು. ನನಗೆ ಸಿಗಬೇಕಾದ್ದು ಸಿಕ್ತು," ಎಂದರು. "ಈಗ ನನ್ನ ಮಾತು ಕೇಳಿ. ಇಷ್ಟು ಹೊತ್ತಿಗೆ ನಿಮ್ಮ ಪಾರ್ಟಿಯವರು ಒಂದು ಹಾಳೆ ತಂದಿರ್ತಾರೆ. ಸಹಿ ಹಾಕಿಬಿಡಿ. ನಾನು ತುಟಿ ಎರಡು ಮಾಡೋದಿಲ್ಲ. ನಿಮ್ಮ ಮಗಳು ಒಳ್ಳೇ ಕೆಲಸಗಾರ್ತಿ, ಆ ಹುಡುಗಿ ಸದನಕ್ಕೆ ಬರಬೇಕು. ನಾನಿನ್ನು ನಾಲ್ಕು ದಿನದ ಅತಿಥಿ, ನನಗೋಸ್ಕರ ಅವಳನ್ನ ಯಾಕೆ ಮುಳುಗಿಸ್ತೀರಿ?"

ಇಡೀ ಜನ್ಮ ಜಗಳವಾಡಿದ ಮನುಷ್ಯ ಎದುರಾಳಿಯ ಮಗಳಿಗಾಗಿ ತಮ್ಮ ಗೆಲುವನ್ನು ಬಿಟ್ಟುಕೊಡುತ್ತಿದ್ದರು. ದೊಡ್ಡವರು ಅವರ ಕೈ ಹಿಡಿದು ಸ್ವಲ್ಪ ಹೊತ್ತು ಕೂತರು. ನರ್ಸ್ ಬಂದು ಹೊತ್ತಾಯಿತು ಎಂದಾಗ ಎದ್ದರು.

ವಾಪಸು ಬರುವಾಗ ಕಾರಿನಲ್ಲಿ ನಾನು ತಡೆಯಲಾರದೆ ಹೇಳಿದೆ. "ಸಹಿ ಹಾಕಿ ಸಾರ್. ಅವರೇ ಹಾಕಿ ಅಂದಿದ್ದಾರೆ. ನನಗೇನು, ಇನ್ನು ಐದು ತಿಂಗಳಿಗೆ ನಿವೃತ್ತಿ. ಕೆಲಸದಿಂದ ತೆಗೆದ್ರು ಅಂದ್ರೆ ಮನೇಲಿ ನಮ್ಮ ಯಜಮಾನರು ಪಕ್ಕದ ಮನೆಯವರಿಗೆಲ್ಲ ಸಿಹಿ ಹಂಚ್ತಾರೆ."

ಅವರು ನಗಲಿಲ್ಲ. ಕಾರು ರೈಲು ಹಳಿಯ ಮೇಲಿನ ಸೇತುವೆ ಏರುತ್ತಿತ್ತು. "ಆ ಲಿಖಿತ ಉತ್ತರ ಟೈಪ್ ಮಾಡಿದ್ದು ನೀನೇ, ನೆನಪಿದೆಯಾ?"

"ಇದೆ ಸಾರ್."

"ಅವತ್ತು ನೀನು ಏನಂದೆ ಗೊತ್ತಾ?"

"ನಾನು ಏನೂ ಅನ್ನಲಿಲ್ಲ ಸಾರ್."

"ಅನ್ನಲಿಲ್ಲ. ಗಮನಕ್ಕೆ ಅನ್ನೋ ಪದ ಆದ ಮೇಲೆ ನಿನ್ನ ಮೆಷಿನ್ನಿನ ಸದ್ದು ನಿಂತುಹೋಯ್ತು. ನೀನಿನ್ನೂ ಹೊಸಬಳೇ, ಕೆಲಸಕ್ಕೆ ಸೇರಿ ಬರೀ ಐದು ವರ್ಷ. ನಾನು ಆ ಮನೆಗೆ ಹೋಗಿದ್ದು ನಿನಗೊಬ್ಬಳಿಗೇ ಗೊತ್ತಿತ್ತು, ವಿಳಾಸ ಹುಡುಕಿ ಕೊಟ್ಟವಳೇ ನೀನು. ನಾನು ಮುಂದೆ ಅಂದೆ, ನೀನು ಮುಂದೆ ಹೋದೆ. ಸದನದಲ್ಲಿ ಇವರ ಎಂಟು ದಿನದ ಮಾತು ನನಗೆ ಈಗ ಅಷ್ಟಾಗಿ ನೆನಪಿಲ್ಲ ತಾಯಿ. ಆ ಸದ್ದು ನಿಂತದ್ದು ಮಾತ್ರ ಚೆನ್ನಾಗಿ ನೆನಪಿದೆ. ಈಗ ಅದೇ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಲಾ?"

ಆ ಸದ್ದು ನಿಂತದ್ದು ಇಷ್ಟು ವರ್ಷ ನನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

ಮನೆ ತಲುಪಿದಾಗ ಎರಡೂವರೆ. ಮಗಳು ನನ್ನ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ಕಾಲಿಗೆಲ್ಲ ಧೂಳು. ನನ್ನನ್ನು ನೋಡಿ, "ಅಕ್ಕಾ, ಒಂದು ಮಾತು ಕೇಳಿ ಕಳಿಸೋಕ್ಕೆ ಆಗ್ತಿರಲಿಲ್ವಾ?" ಎಂದಳು. ಅಷ್ಟು ಸಾಕಾಗಿತ್ತು ನನಗೆ.

ದೊಡ್ಡವರು ಕಾರ್ಯದರ್ಶಿಯ ಹಾಳೆಯನ್ನು ಅವಳಿಗೆ ಕೊಟ್ಟರು. ಗರಗಸ ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದರು. ಆಮೇಲೆ, "ನಾನು ಒಂದು ಹೇಳಿಕೆ ಬರೆಸ್ತೀನಿ, ಕೂತು ಕೇಳು. ಕೇಳಿದ ಮೇಲೆ ಏನು ಹೇಳ್ಬೇಕೋ ಹೇಳು," ಎಂದು ನಿಂತಲ್ಲಿಂದಲೇ ಶುರುಮಾಡಿದರು. ಆ ದಿನ ಅವರು ನಡೆದಾಡಲಿಲ್ಲ.

"ಮೊನ್ನೆ ಹೊರಬಿದ್ದ ನನ್ನ ಸಂತಾಪದಲ್ಲಿ ಮೂರು ತಪ್ಪುಗಳಿವೆ. ಒಂದು, ಅವರು ಬದುಕಿದ್ದಾರೆ, ಅದಕ್ಕೆ ನನಗೆ ಸಂತೋಷವಿದೆ. ಎರಡು, ಅವರು ಸದನದಲ್ಲಿ ಮಾತಾಡಿದ್ದು ಒಂಬತ್ತು ದಿನವಲ್ಲ, ಎಂಟು. ಮೂರು, ಅವರ ಮುಂದೆ ಹೇಳುವ ಧೈರ್ಯ ಬರಲಿಲ್ಲ ಎಂದಿದ್ದೆ, ಇಂದು ಮಧ್ಯಾಹ್ನ ಹೇಳಿದ್ದೇನೆ. ಉಳಿದ ಪ್ರತಿಯೊಂದು ಮಾತೂ ನನ್ನದು, ನಾನೇ ಬರೆಸಿದ್ದು, ನಿಜ. ನನ್ನ ಕಚೇರಿಯ ಯಾರದೂ ಅದರಲ್ಲಿ ತಪ್ಪಿಲ್ಲ."

"ಮೊನ್ನೆ ಅಲ್ಲ ಸಾರ್, ನಿನ್ನೆ," ಎಂದೆ. ಅಳುವಿನ ನಡುವೆಯೂ ನನ್ನ ಕಸುಬು ನನ್ನನ್ನು ಬಿಡದು.

"ನಿನ್ನೆ ಅಂತ ಮಾಡು."

ಮಗಳು ಕಾರ್ಯದರ್ಶಿಯ ಹಾಳೆಯನ್ನು ಮಡಚಿ ನನ್ನ ಮೇಜಿನ ಮೇಲಿಟ್ಟಳು. "ನೀವು ನಿಜ ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ ಅಪ್ಪ. ಅವತ್ತೇ ಹೇಳಿದ್ದಿದ್ರೆ ನಿಮ್ಮ ಮಂತ್ರಿಗಿರಿ ಹೋಗ್ತಿತ್ತು. ಇವತ್ತು ಹೇಳಿದ್ರೆ ಹೋಗೋದು ನನ್ನದು. ಇಷ್ಟು ನಿಮಗೆ ಗೊತ್ತಿರಲಿ."

ದೊಡ್ಡವರು ಬೆಂಚಿನ ತುದಿಯಲ್ಲಿ ಕೂತರು. "ಗೊತ್ತು," ಎಂದರು ಮೆಲ್ಲಗೆ. ನನ್ನ ಕಡೆ ತಿರುಗಿ, "ಅದನ್ನೂ ಸೇರಿಸು ತಾಯಿ. ಅವಳು ಹೇಳಿದ ಹಾಗೇ," ಎಂದರು.

"ಬೇಡ ಅಕ್ಕ," ಎಂದಳು ಮಗಳು. "ಅದು ಮನೆ ಮಾತು. ಮನೇಲೇ ಇರಲಿ."

ಹಾಳೆ ಹೊರಬಂತು. ದೊಡ್ಡವರು ಸಹಿ ಹಾಕಿದರು. ಎಂದಿನಂತೆ ಪತ್ರಿಕೆಗಳಿಗೆ ಕಳಿಸಲು ನಾನು ಕೈ ಚಾಚಿದೆ. ಮಗಳು ಅದನ್ನು ತನ್ನ ಕೈಗೆ ತೆಗೆದುಕೊಂಡಳು, ನಿಂತೇ ಒಂದು ಸಲ ಓದಿದಳು, ಚೀಲದಲ್ಲಿಟ್ಟುಕೊಂಡಳು.

"ಪಾರ್ಟಿ ಆಫೀಸಿಗೂ ಪೇಪರಿನವರಿಗೂ ನಾನೇ ಕೊಟ್ಟು ಬರ್ತೀನಿ. ಬೇರೆಯವರ ಕೈಲಿ ಕಳಿಸಿದ್ರೆ ಮಗಳಿಗೆ ಗೊತ್ತಿರಲಿಲ್ಲ ಪಾಪ ಅಂತಾರೆ. ನನಗೆ ಗೊತ್ತಿತ್ತು ಅಂತ ಗೊತ್ತಾಗ್ಲಿ."

ಅವಳು ಗೇಟು ದಾಟಿ ಹೋಗುವವರೆಗೆ ದ್ವಾರದಲ್ಲಿ ನಿಂತು ನೋಡಿದೆವು. ನಲವತ್ತೆಂಟು ವರ್ಷದ ರಾಜಕೀಯದಲ್ಲಿ ಅವರು ಕಂಡ ದೊಡ್ಡ ದೊಡ್ಡ ನಾಯಕರ ಬಗ್ಗೆ ನೂರಾರು ಪುಟ ಟೈಪ್ ಮಾಡಿದ್ದೇನೆ. ಆ ಮಧ್ಯಾಹ್ನ ಅವರು ಏನನ್ನೂ ಹೇಳಲಿಲ್ಲ. ಮಗಳು ಹೋದ ದಿಕ್ಕಿಗೆ ನೋಡುತ್ತ, ಊದಿದ ಕೆನ್ನೆಯ ಮೇಲೆ ಕಣ್ಣೀರು ಸುರಿಯುತ್ತಿದ್ದರೂ ಹಾಗೇ ನಿಂತಿದ್ದರು. ಅಂಥ ಅಪ್ಪನ ಮೇಲೂ ಅಂಥ ಮಗಳ ಮೇಲೂ ನನಗೆ ಉಕ್ಕಿಬಂದ ಹೆಮ್ಮೆಯನ್ನು ಹೇಗೆ ಹೇಳಲಿ.

ಐದು ಗಂಟೆಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಮರುದಿನ ಎಲ್ಲ ಪತ್ರಿಕೆಯಲ್ಲೂ ಹೇಳಿಕೆ ಬಂತು, ಪಕ್ಕದಲ್ಲಿ ಮೊದಲಿನ ಸಂತಾಪವೂ ಪೂರ್ತಿಯಾಗಿ. ಬೈದವರು ಬೈದರು, ಹೊಗಳಿದವರು ಹೊಗಳಿದರು, ಫೋನು ಬಾಯಿ ಮುಚ್ಚಲಿಲ್ಲ. ಎಂಟೂಕಾಲಿನ ಹೊತ್ತಿಗೆ ಒಬ್ಬ ಹೆಂಗಸಿನ ಫೋನು ಬಂತು. ನಿಧಾನದ ಧ್ವನಿ. ಸಾಹೇಬರು ಬೇಕಾ ಎಂದರೆ ಬೇಡ, ನೀವೇ ಬರೆದುಕೊಳ್ಳಿ ಸಾಕು ಎಂದಳು.

"ನಾನು ಆ ಬಡಗಿಯವರ ಹೆಂಡತಿ. ನಮ್ಮ ದೊಡ್ಡ ಮಗ ಓದಿ ಹೇಳಿದ. ಆ ಮಗು ಹೋದ ಮೇಲೆ ನನಗೆ ಇಬ್ಬರು ಗಂಡು ಮಕ್ಕಳಾದ್ರು. ಪೇಪರಲ್ಲಿ ಬರೀ ಮಗು ಅಂತ ಹಾಕಿದ್ದೀರಿ."

ನಾನು ಪೆನ್ನು ಹಿಡಿದು ಕಾದೆ.

"ಅದು ಹೆಣ್ಣು ಮಗು ಅಮ್ಮ."

ಹೆಣ್ಣು ಮಗು ಎಂದು ಬರೆದುಕೊಂಡೆ. ಒಳಗಿನಿಂದ ದೊಡ್ಡವರು ಯಾವಾಗ ಬಂದು ನನ್ನ ಹಿಂದೆ ನಿಂತರೋ ತಿಳಿಯದು. ನನ್ನ ಕೈಯಿಂದ ಫೋನು ತೆಗೆದುಕೊಂಡು ಕಿವಿಗಿಟ್ಟರು, ಬಹಳ ಹೊತ್ತು ಕೇಳಿಸಿಕೊಂಡರು.

"ಹೌದಮ್ಮ," ಎಂದರು. "ಹೆಣ್ಣು ಮಗು. ನನಗೆ ಗೊತ್ತಿತ್ತು."